ಗುಡ್ಡದ ತೆಳು ಮಣ್ಣಿನ ನಾಡಿನಲ್ಲಿ ಕೃಷ್ಣದೇವರಾಯ



ಕೃಷ್ಣದೇವರಾಯನ ಹೆಸರು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ರಾಯಚೂರನ್ನು ಗೆದ್ದ ದೊರೆ, ಕವಿಗಳನ್ನು ಸಾಕಿದ ದೊರೆ, ಮುತ್ತು ರತ್ನಗಳನ್ನು ಬೀದಿಯಲ್ಲಿ ಮಾರಿಸಿದ ದೊರೆ ಎಂದು ಮಕ್ಕಳ ಪಾಠದಿಂದ ಹಿಡಿದು ಬಯಲಾಟದವರೆಗೆ ಅವನ ಕಥೆ ನಡೆದೇ ಇದೆ. ಆದರೆ ಅವನ ರಾಜಧಾನಿ ನಿಂತಿದ್ದ ನೆಲ ಎಂಥದು, ಆ ನೆಲದಲ್ಲಿ ಅಷ್ಟು ಜನ ಏನು ಉಂಡರು, ನೀರು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ರಾಯನ ಜೀವನವನ್ನು ಈ ವಾರ ಆ ಕಡೆಯಿಂದ ನೋಡೋಣ. ಮರಡಿಯ ಮೇಲೆ ಎರಡೆಕರೆ ಇರುವ ರೈತನಿಗೆ ರಾಯಚೂರಿನ ಯುದ್ಧಕ್ಕಿಂತ ಇದು ಹೆಚ್ಚು ಹತ್ತಿರದ ಮಾತು.

ನೆಲದ ಗುಣ

ಮೊದಲು ನೆಲವನ್ನೇ ನೋಡಿ. ಹಂಪಿ, ಕಮಲಾಪುರ, ಆನೆಗೊಂದಿಯ ಸುತ್ತ ಇರುವುದು ಬೆಣಚು ಬೆರೆತ ಗ್ರಾನೈಟು ಬಂಡೆಯ ಗುಡ್ಡಗಳು. ಹೊಸಪೇಟೆ ದಾಟಿ ಸಂಡೂರಿನ ಕಡೆ ಹೊರಟರೆ ಕಲ್ಲಿನ ಜಾತಿಯೇ ಬದಲಾಗುತ್ತದೆ. ಅಲ್ಲಿ ಪದರು ಪದರಾದ ಕಲ್ಲು, ಕಬ್ಬಿಣದ ಅದಿರು, ಕೆಂಪು ಜೇಡಿ. ಎರಡು ಕಡೆಯೂ ಗುಡ್ಡದ ಮೈಮೇಲೆ ಮಣ್ಣು ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು. ಅದರಲ್ಲೂ ಅರ್ಧಕ್ಕರ್ಧ ಗರಸು. ಕೆಳಗೆ ಗುದ್ದಲಿ ಠಣ್ಣೆನ್ನುವ ಬಂಡೆ. ಮಣ್ಣು ಪರೀಕ್ಷಕರು 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅತಿ ತೆಳು ಮಣ್ಣು ಎಂದೂ, 25ರಿಂದ 50 ಇದ್ದರೆ ತೆಳು ಮಣ್ಣು ಎಂದೂ ಬರೆದುಕೊಳ್ಳುತ್ತಾರೆ.

ಈ ಮಣ್ಣಿನಲ್ಲಿ ಜೇಡಿ ಇದೆ, ಆದ್ದರಿಂದ ನೀರು ಹಿಡಿದೀತು ಎಂದುಕೊಂಡರೆ ಮೋಸ ಹೋಗುತ್ತೇವೆ. ದಪ್ಪ ಹನಿಯ ಮಳೆ ಬಿದ್ದಾಗ ಅದರ ಹೊರಮೈ ಬಿಗಿದುಕೊಂಡು ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಒಳಗಿಳಿದ ನೀರಿಗೂ ಜಾಗ ಕಡಿಮೆ. ಒಂದು ಗೇಣು ಗರಸು ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಡುವುದು ಸುಮಾರು 25 ಮಿಲಿಮೀಟರಿನಷ್ಟು ನೀರು ಮಾತ್ರ. ಬಿಸಿಲು ಗಾಳಿಗೆ ದಿನಕ್ಕೆ 5 ಮಿಲಿಮೀಟರು ಹೋದರೂ ಐದು ದಿನಕ್ಕೆ ಪೈರು ಬಾಡಿತು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಅದೂ ನಡುನಡುವೆ ಮೂರು ವಾರ ಕೈಕೊಡುವ ಈ ಸೀಮೆಯಲ್ಲಿ ಐದು ದಿನದ ತೇವ ನಂಬಿ ಬಿತ್ತುವುದು ಎಂಥ ಜೂಜು ಎಂಬುದನ್ನು ನಿಮಗೆ ಬೇರೆ ಹೇಳಬೇಕಿಲ್ಲ.

ಆದರೆ ಇದೇ ಮಣ್ಣಿಗೆ ಇನ್ನೊಂದು ಮುಖವಿದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರು ನೀರು. ಗುಡ್ಡ ಅದರಲ್ಲಿ ಒಂದು ಪಾಲನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ. ಅಂದರೆ ಬೆಳೆ ಕೊಡಲಾರದ ಗುಡ್ಡ ನೀರು ಕೊಡಬಲ್ಲದು. ವಿಜಯನಗರದ ಜನ ಈ ಲೆಕ್ಕವನ್ನು ಅರಿತಿದ್ದರು. ರಾಯನ ಕಾಲದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಬಂತು.

ಪಟ್ಟಕ್ಕೆ ಬಂದದ್ದು

ಕೃಷ್ಣದೇವರಾಯನು ತುಳುವ ವಂಶದ ನರಸನಾಯಕನ ಮಗ, ತಾಯಿ ನಾಗಲಾದೇವಿ. ಅಣ್ಣ ವೀರನರಸಿಂಹನ ತರುವಾಯ 1509ರಲ್ಲಿ ಪಟ್ಟಕ್ಕೆ ಬಂದನು. ಸಾಯುವ ಹೊತ್ತಿನಲ್ಲಿ ಅಣ್ಣನು ತನ್ನ ಎಳೆಯ ಮಗನಿಗೆ ಪಟ್ಟವಾಗಲೆಂದು ಬಯಸಿ ಕೃಷ್ಣನ ಕಣ್ಣು ಕೀಳಿಸಲು ಹೇಳಿದನಂತೆ. ಮಂತ್ರಿ ತಿಮ್ಮರಸನು ಮೇಕೆಯ ಕಣ್ಣು ತಂದು ತೋರಿಸಿ ಹುಡುಗನನ್ನು ಉಳಿಸಿದನಂತೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿರುವ ಕಥೆ ಇದು. ಕಥೆ ನಿಜವೋ ಅಲ್ಲವೋ, ರಾಯನು ತಿಮ್ಮರಸನನ್ನು ಅಪ್ಪಾಜಿ ಎಂದು ಕರೆದು ಅವನ ಮಾತಿನಂತೆ ಬಹುಕಾಲ ನಡೆದದ್ದು ಮಾತ್ರ ಎಲ್ಲರೂ ಬಲ್ಲ ಸಂಗತಿ.

ಪಟ್ಟಾಭಿಷೇಕದ ನೆನಪಿಗೆ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ರಂಗಮಂಟಪ ಕಟ್ಟಿಸಿ 1510ರಲ್ಲಿ ಶಾಸನ ಹಾಕಿಸಿದನು. ಆಮೇಲಿನ ಹತ್ತು ವರ್ಷ ದಂಡಯಾತ್ರೆಯಲ್ಲೇ ಕಳೆಯಿತು. ಉಮ್ಮತ್ತೂರಿನ ಪಾಳೆಯಗಾರನನ್ನು ಅಡಗಿಸಿದನು. ಉದಯಗಿರಿ, ಕೊಂಡವೀಡು ಕೋಟೆಗಳನ್ನು ಹಿಡಿದನು. ಒಡಿಶಾದ ಗಜಪತಿಯ ಮೇಲೆ ಸಿಂಹಾಚಲದವರೆಗೆ ಹೋದನು. 1520ರ ಮೇ ತಿಂಗಳಲ್ಲಿ ರಾಯಚೂರಿನ ಯುದ್ಧ ಗೆದ್ದನು.

ಆ ಹೊತ್ತಿಗೆ ಹಂಪಿಗೆ ಬಂದಿದ್ದ ಇನ್ನೊಬ್ಬ ಪೋರ್ಚುಗೀಸ್, ದೊಮಿಂಗೊ ಪಾಯೆಸ್, ರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಧ್ಯಮ ಎತ್ತರ, ಬಿಳಿ ಮೈಬಣ್ಣ, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುವಿ, ಮೈಯಲ್ಲಿನ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಧನೆ. ಆಮೇಲೆ ಕುಸ್ತಿ, ಕುದುರೆ ಸವಾರಿ. ನಗುಮುಖದವನಾದರೂ ತಟ್ಟನೆ ಸಿಟ್ಟಾಗುವವನು.

ಪಾಯೆಸ್ ನೆಲವನ್ನೂ ನೋಡಿದ್ದಾನೆ. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಬಂಡೆಗಳ ಗುಡ್ಡ ಕಂಡು ಬೆರಗಾಗಿದ್ದಾನೆ. ಈ ನಾಡು ವಿಶಾಲವಾದದ್ದು, ಹೊಳೆಗಳು ಕಡಿಮೆ, ಅದಕ್ಕೇ ಜನ ಮಳೆನೀರು ನಿಲ್ಲಿಸುವ ಕೆರೆ ಕಟ್ಟಿಕೊಂಡು ಬದುಕುತ್ತಾರೆ ಎಂದು ಗುರುತಿಸಿದ್ದಾನೆ. ಪರದೇಶದವನ ಕಣ್ಣಿಗೆ ಬಿದ್ದ ಈ ಗುಟ್ಟು ಈ ನಾಡಿನ ಬಾಳಿನ ಗುಟ್ಟೇ ಆಗಿತ್ತು.

ನದಿಯ ಕಾಲುವೆ

ತುಂಗಭದ್ರೆಗೆ ಅಡ್ಡಕಟ್ಟು ಹಾಕುವ ವಿದ್ಯೆ ರಾಯನಿಂದ ಹುಟ್ಟಿದ್ದಲ್ಲ. ಅವನಿಗೆ ನೂರು ವರ್ಷ ಮೊದಲೇ ಒಂದನೆಯ ದೇವರಾಯನ ಕಾಲದಲ್ಲಿ ನದಿಗೆ ಕಟ್ಟೆ ಕಟ್ಟಿ ಪಟ್ಟಣಕ್ಕೆ ನೀರು ತಂದಿದ್ದರು. ಹೊಳೆಯೊಳಗಿನ ಬಂಡೆಗಳನ್ನೇ ಆಸರೆ ಮಾಡಿಕೊಂಡು, ನಡುವಿನ ಸಂದುಗಳಲ್ಲಿ ದೊಡ್ಡ ಕಲ್ಲು ಪೇರಿಸಿ, ನೀರನ್ನು ಬದಿಯ ಕಾಲುವೆಗೆ ತಿರುಗಿಸುವುದು ಆಗಿನ ಪದ್ಧತಿ. ಗುಡ್ಡದಲ್ಲಿ ಬೇಸಾಯಕ್ಕೆ ಅಡ್ಡಿಯಾದ ಕಲ್ಲೇ ಹೊಳೆಯಲ್ಲಿ ಕೆಲಸಕ್ಕೆ ಬಂತು.

ರಾಯನು ಈ ಕೆಲಸವನ್ನು ಮುಂದುವರಿಸಿದನು. ಹೊಸಪೇಟೆಯ ತೋಟಗದ್ದೆಗಳಿಗೆ ನೀರುಣಿಸುವ ಬಸವಣ್ಣ ಕಾಲುವೆ 1521ರಲ್ಲಿ ಆಯಿತೆಂದು ಬಳ್ಳಾರಿ ಸೀಮೆಯ ಇತಿಹಾಸ ಬರೆದವರು ಹೇಳಿದ್ದಾರೆ. ರಾಯ ಕಾಲುವೆ, ತುರ್ತು ಕಾಲುವೆ, ಕಂಪ್ಲಿ ಕಾಲುವೆ ಮುಂತಾದ ವಿಜಯನಗರದ ಕಾಲದ ಕಾಲುವೆಗಳ ಹೆಸರು ನಿಮ್ಮ ಪಹಣಿಗಳಲ್ಲೇ ಸಿಗುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ವಲ್ಲಭಾಪುರದ ಹಳೆಯ ಅಣೆಕಟ್ಟು ಮುಳುಗಿತು. ಅದರಿಂದ ಹೊರಡುತ್ತಿದ್ದ ರಾಯ, ಬಸವಣ್ಣ ಕಾಲುವೆಗಳಿಗೆ ಅಂದಿನಿಂದ ಜಲಾಶಯದಿಂದಲೇ ನೀರು.

ಈ ಕಾಲುವೆಗಳು ಹೋಗುವ ದಾರಿ ಗಮನಿಸಿ. ಗುಡ್ಡದ ಬುಡ ಬಳಸಿಕೊಂಡು, ಮೇಲಿನ ಗರಸು ನೆಲವನ್ನು ಬಿಟ್ಟು, ಕೆಳಗಿನ ಮೆಕ್ಕಲು ಮಣ್ಣಿಗೆ ನೀರು ಕೊಡುತ್ತವೆ. ಸಾವಿರಾರು ವರ್ಷ ಗುಡ್ಡದಿಂದ ಇಳಿದ ಮಣ್ಣೆಲ್ಲ ಕೂಡಿ ಆಳವಾದ ಜಾಗ ಅದು. ಭತ್ತ, ಬಾಳೆ, ಕಬ್ಬು ಅಲ್ಲಿ. ಗುಡ್ಡದಲ್ಲಿ ದನಕುರಿಗೆ ಹುಲ್ಲು, ಒಲೆಗೆ ಸೌದೆ. ಒಳ್ಳೆಯ ನೀರನ್ನು ಕೆಟ್ಟ ಮಣ್ಣಿಗೆ ಸುರಿಯಲಿಲ್ಲ.

ನಾಗಲಾಪುರದ ಕೆರೆ

ಈಗಿನ ಹೊಸಪೇಟೆಯ ಜಾಗದಲ್ಲಿ ರಾಯನು ಹೊಸ ಪಟ್ಟಣ ಕಟ್ಟಿಸಿ ನಾಗಲಾಪುರ ಎಂದು ಹೆಸರಿಟ್ಟನು. ತಾಯಿಯ ಹೆಸರು ಉಳಿಯಲೆಂದು ಹಾಗೆ ಕರೆದನೆಂಬ ಮಾತಿದೆ. ಊರಿಗೆ ಮತ್ತು ಅದರ ಹೊಲಗದ್ದೆಗಳಿಗೆ ನೀರು ಬೇಕಲ್ಲ? ಅದಕ್ಕೆ ಊರ ದಕ್ಷಿಣಕ್ಕೆ, ಸಂಡೂರು ಬೆಟ್ಟಸಾಲಿನ ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಗೆ ಏರಿ ಹಾಕಲು ಹೊರಟನು. ಎರಡೂ ಕಡೆಯ ಗುಡ್ಡದಿಂದ ಇಳಿಯುವ ನೀರು ಅಲ್ಲಿ ಕೂಡಬೇಕು. ಸಾಲದ್ದಕ್ಕೆ ಮೂರು ಹರದಾರಿಗೂ ಹೆಚ್ಚು ದೂರದಿಂದ ಬೆಟ್ಟದ ಬುಡದಲ್ಲೇ ನೀರು ತರಬೇಕು. ಇದೇ ಇಂದಿಗೂ ನಾವು ರಾಯರ ಕೆರೆ ಎನ್ನುವ ಜಾಗ.

ಪಾಯೆಸ್ ಹೋಗಿ ನೋಡಿದಾಗ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕೆಲಸ ಮಾಡುತ್ತಿದ್ದರು. ಅವರ ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ. ಒಂದೊಂದು ಪಾಲು ಕೆಲಸವನ್ನು ಒಬ್ಬೊಬ್ಬ ನಾಯಕನಿಗೆ ಹಂಚಿತ್ತು. ಅಷ್ಟಾದರೂ ಏರಿ ನಿಲ್ಲಲಿಲ್ಲ. ಎರಡು ಮೂರು ಸಲ ಒಡೆಯಿತು. ಹಗಲು ಹಾಕಿದ ಕಲ್ಲು ಮಣ್ಣು ರಾತ್ರಿ ಕುಸಿಯುತ್ತಿತ್ತೆಂದು ನುನಿಜ್ ಬರೆಯುತ್ತಾನೆ. ರಾಯನು ಗೋವೆಯ ಪೋರ್ಚುಗೀಸರಿಂದ ಜೋವಾ ದೆ ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿದನು. ಕೊನೆಗೆ ಜೋಯಿಸರನ್ನು ಕೇಳಿದನು. ಬಲಿ ಬೇಕೆಂದರು. ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳನ್ನು ತಂದು ತಲೆ ಹೊಡೆಸಿದರು. ಅರವತ್ತು ಜನರೆಂದು ಪಾಯೆಸ್ ಲೆಕ್ಕ ಕೊಡುತ್ತಾನೆ. ಜೊತೆಗೆ ಕುದುರೆಗಳು, ಕೋಣಗಳು.

ರಾಯನನ್ನು ಹೊಗಳುವವರು ಈ ಮಾತನ್ನು ಬಿಟ್ಟುಬಿಡುವುದುಂಟು. ಬಿಡಬಾರದು. ನೆಲದ ಗುಣ ತಿಳಿಯದೆ ಹಟ ಹಿಡಿದರೆ ಬೆಲೆ ತೆರುವವರು ಯಾವಾಗಲೂ ಕೈಲಾಗದವರೇ. ತೆಳು ಮಣ್ಣಿನ ಕೆಳಗೆ ಬಂಡೆ ಇರುವ ಕಡೆ ಏರಿಯನ್ನು ಮೇಲುಮಣ್ಣಿನ ಮೇಲೆಯೇ ಎತ್ತಿದರೆ ನೀರು ಮಣ್ಣಿಗೂ ಬಂಡೆಗೂ ನಡುವೆ ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಇಂದು ಚಿಕ್ಕ ಕೃಷಿಹೊಂಡದ ಒಡ್ಡಿಗೂ ಗಟ್ಟಿ ತಳ ಸಿಗುವ ತನಕ ಅಡ್ಡಲಾಗಿ ತೋಡಿ, ಜಿಗುಟು ಎರೆಮಣ್ಣು ತುಂಬಿ ದಮ್ಮಸು ಮಾಡುತ್ತಾರೆ. ನಿಮ್ಮ ಹೊಲದಲ್ಲಿ ಒಡ್ಡು ಹಾಕಿಸುವಾಗ ಈ ತೋಡು ತಪ್ಪದೆ ತೋಡಿಸಿ. ನಿಲ್ಲಿಸುವುದು ಅದು, ಬಲಿಯಲ್ಲ.

ಕಡೆಗೂ ಏರಿ ನಿಂತಿತು. ಕೆತ್ತನೆಯ ಮೂರು ಕಂಬಗಳ ತೂಬು ಇಟ್ಟರು. ಬೇಕಾದಾಗ ತೆರೆದು ಗದ್ದೆ ತೋಟಗಳಿಗೆ ನೀರು ಬಿಟ್ಟರು.

ಒಂಬತ್ತು ವರ್ಷದ ಮಾಫಿ

ಇಲ್ಲಿಗೆ ರಾಯನ ಕೆಲಸ ಮುಗಿಯಲಿಲ್ಲ. ಇದರ ಮುಂದಿನದೇ, ನನಗೆ ತೋಚಿದಂತೆ, ಅವನ ಆಳ್ವಿಕೆಯಲ್ಲಿ ರೈತರು ನೆನೆಯಬೇಕಾದ ಸಂಗತಿ. ಹೊಸ ಕೆರೆಯ ಅಚ್ಚುಕಟ್ಟಿನ ಭೂಮಿಯನ್ನು ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಬಿಟ್ಟುಕೊಟ್ಟನು. ಅಷ್ಟರಲ್ಲಿ ಅವರು ಭೂಮಿಯನ್ನು ಹದಕ್ಕೆ ತಂದುಕೊಳ್ಳಲಿ ಎಂಬುದು ಉದ್ದೇಶ. ಆಮೇಲೆ ಅದೇ ಭೂಮಿಯಿಂದ ವರ್ಷಕ್ಕೆ ಇಪ್ಪತ್ತು ಸಾವಿರ ವರಹದಷ್ಟು ಹುಟ್ಟುವಳಿ ಬರತೊಡಗಿತೆಂದು ನುನಿಜ್ ಬರೆದಿದ್ದಾನೆ.

ಒಂಬತ್ತು ವರ್ಷ ಏಕೆ? ಗುಡ್ಡದ ಬುಡದ ಕಲ್ಲುನೆಲ ಗದ್ದೆಯಾಗಲು ಕಲ್ಲು ಆರಿಸಬೇಕು, ಬದು ಕಟ್ಟಬೇಕು, ಮಟ್ಟ ಮಾಡಬೇಕು, ಗೊಬ್ಬರ ಹಾಕಬೇಕು, ಕೆರೆಯ ನೀರಿನ ಜೊತೆ ಬರುವ ಮೆಕ್ಕಲು ಕೂರಬೇಕು. ಇದು ಒಂದೆರಡು ವರ್ಷದ ಮಾತಲ್ಲ. ಮಣ್ಣು ಮಾಡುವುದಕ್ಕೆ ಕಾಲ ಬೇಕು, ಆ ಕಾಲದಲ್ಲಿ ರೈತ ಉಣ್ಣಬೇಕು ಎಂಬ ಅರಿವು ಆ ಆಜ್ಞೆಯಲ್ಲಿದೆ.

ರಾಯನು ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದ ಕಾವ್ಯದ ರಾಜನೀತಿ ಭಾಗದಲ್ಲೂ ಇದೇ ಧೋರಣೆ ಕಾಣುತ್ತದೆ. ನಾಡು ಚಿಕ್ಕದಾದರೂ ಕೆರೆ ಕಾಲುವೆ ಕಟ್ಟಿಸಿ, ಬಡ ರೈತನಿಗೆ ತೆರಿಗೆಯಲ್ಲಿ ಸಡಿಲ ಕೊಟ್ಟರೆ ಸಂಪತ್ತೂ ಧರ್ಮವೂ ಬೆಳೆಯುತ್ತವೆ ಎಂಬುದು ಅಲ್ಲಿನ ಸಾರ. ಆದರೆ ಅದೇ ಕಾವ್ಯದಲ್ಲಿ ಗಡಿಯ ಕೋಟೆಗಳ ಸುತ್ತ ಕಾಡು ಬೆಳೆಯಲಿ, ನಾಡ ನಡುವಿನ ಕಾಡು ಕಡಿಯಲಿ ಎಂಬ ಸಲಹೆಯೂ ಇದೆ. ಅದು ಕಳ್ಳರಿಗೂ ಶತ್ರುಗಳಿಗೂ ಹೆದರುವ ದೊರೆಯ ಲೆಕ್ಕ. ಗುಡ್ಡದ ಮೇಲಿನ ಗಿಡಗಂಟಿ ಹೋದರೆ ಕೆರೆಗೆ ಏನಾಗುತ್ತದೆ ಎಂಬ ಲೆಕ್ಕ ಅದರಲ್ಲಿಲ್ಲ. ಹಿರಿಯರು ಹೇಳಿದ್ದರಲ್ಲಿ ಇಂದಿಗೆ ಹೊಂದುವುದನ್ನು ಹಿಡಿಯಬೇಕು, ಹೊಂದದ್ದನ್ನು ಬಿಡಬೇಕು.

ಕೊನೆಯ ವರ್ಷಗಳು

ರಾಯನ ಕೊನೆಗಾಲ ಸುಖದ್ದಲ್ಲ. ಎಳೆಯ ಮಗ ತಿರುಮಲನಿಗೆ ಪಟ್ಟ ಕಟ್ಟಿದನು. ಹುಡುಗ ಬಹುಬೇಗ ತೀರಿಕೊಂಡನು. ವಿಷ ಹಾಕಿದರೆಂಬ ಸಂಶಯ ತಿಮ್ಮರಸನ ಮನೆಯ ಮೇಲೆ ಬಂತು. ತನ್ನ ಕಣ್ಣು ಉಳಿಸಿದನೆಂದು ಜನ ನಂಬಿದ ಮಂತ್ರಿಯ ಕಣ್ಣನ್ನೇ ರಾಯನು ಕೀಳಿಸಿದನು. 1528ರಲ್ಲಿ ಹಂಪಿಯ ಉಗ್ರನರಸಿಂಹನನ್ನು ಒಂದೇ ಬಂಡೆಯಲ್ಲಿ ಕಡೆಸಿದನು. ಮರುವರ್ಷ ತೀರಿಕೊಂಡನು. ತುಮಕೂರು ಹತ್ತಿರದ ಹೊನ್ನೇನಹಳ್ಳಿಯಲ್ಲಿ ಸಿಕ್ಕ ಶಾಸನವೊಂದನ್ನು ಓದಿದ ವಿದ್ವಾಂಸರು ಅವನು ತೀರಿಕೊಂಡ ದಿನ 1529ರ ಅಕ್ಟೋಬರ್ 17 ಎಂದು 2022ರಲ್ಲಿ ತಿಳಿಸಿದರು. ಅವನ ಬಳಿಕ ತಮ್ಮ ಅಚ್ಯುತರಾಯನಿಗೆ ಪಟ್ಟವಾಯಿತು.

1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಅರಮನೆಗಳು ಸುಟ್ಟುಹೋದವು, ಪೇಟೆಗಳು ಬರಿದಾದವು. ನದಿಯ ಕಾಲುವೆಗಳಲ್ಲಿ ಎಷ್ಟೋ ಉಳಿದವು. ಅವನ್ನು ಉಳಿಸಿದ್ದು ದೊರೆಯಲ್ಲ. ವರ್ಷವರ್ಷ ಹೂಳೆತ್ತಿ, ಕಲ್ಲು ಜೋಡಿಸಿ, ನೀರು ಹಂಚಿಕೊಂಡು ಬಂದ ರೈತರು.

ರಾಯರ ಕೆರೆಗೆ ಆ ಭಾಗ್ಯ ಬರಲಿಲ್ಲ. ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹಳೆಯ ದಾರಿ ಆ ಭಾರಿ ಏರಿಯ ಮೇಲೆಯೇ ಹಾದುಹೋಯಿತು. ಕೆರೆಯಂಗಳ ಹೊಲವಾಯಿತು. ಕಾಲುವೆಗೆ ಹಿಂದೆ ಮಲೆನಾಡಿನ ಮಳೆ ತುಂಬಿದ ನದಿಯಿತ್ತು. ಕೆರೆಗೆ ಇದ್ದದ್ದು ಈ ಒಣ ಬೆಟ್ಟಸಾಲಿನ ಮಳೆ ಮಾತ್ರ. ಆ ಮಳೆಯನ್ನು ತಡೆದು ನಿಧಾನವಾಗಿ ಬಿಡುವ ಶಕ್ತಿ ಗುಡ್ಡದ ತೆಳು ಮಣ್ಣಿನಲ್ಲಿ, ಅದರ ಹುಲ್ಲು ಗಿಡಗಳಲ್ಲಿ ಇರಬೇಕು. ಅದು ತಪ್ಪಿದರೆ ಗುಡ್ಡದಿಂದ ಇಳಿಯುವುದು ಎರಡು ದಿನದ ಪ್ರವಾಹ, ಅದರ ಜೊತೆಗೆ ಹೂಳು.

ಇಂದಿಗೆ ಪಾಠ

ಇದು ಹಳೆಯ ಕಥೆ ಮಾತ್ರವಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದುದು ಸುಮಾರು 133 ಟಿಎಂಸಿ ನೀರು. ಹೂಳು ತುಂಬಿ ಈಗ ಹಿಡಿಯುವುದು 105 ಟಿಎಂಸಿಯ ಆಸುಪಾಸು. ಆ ಹೂಳೆಲ್ಲ ಮೇಲಿನ ಯಾರದೋ ಹೊಲದ, ಯಾವುದೋ ಗುಡ್ಡದ ಮಣ್ಣು. ಸಂಡೂರಿನ ಬೆಟ್ಟಗಳಲ್ಲಿ ಅದಿರಿಗಾಗಿ ಮನಬಂದಂತೆ ಅಗೆದದ್ದಕ್ಕೆ 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಬೇಕಾಯಿತು. ಗಣಿಯ ಕೆಂಪು ನೀರು ಹಳ್ಳಕ್ಕೂ ಹೊಲಕ್ಕೂ ಇಳಿದದ್ದನ್ನು ಆ ಸೀಮೆಯವರು ಕಂಡಿದ್ದಾರೆ. ಇತ್ತ ನಾವೂ ಟ್ರ್ಯಾಕ್ಟರು ಬಂದ ಮೇಲೆ ಹಿಂದೆ ದನ ಮೇಯುತ್ತಿದ್ದ ಮರಡಿಯನ್ನು ಉಳುತ್ತಿದ್ದೇವೆ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರು ಮಣ್ಣು ಕೊಚ್ಚಿಹೋದರೆ ಅದು 4 ಘನಮೀಟರು, ಒಂದು ಟ್ರಾಲಿ ತುಂಬಿ ಮಿಗುವಷ್ಟು. ಒಂದೇ ಗೇಣು ಮಣ್ಣಿರುವವನು ಇಂಥ ಎಷ್ಟು ಟ್ರಾಲಿ ಕಳೆದುಕೊಳ್ಳಬಲ್ಲ?

ಆದ್ದರಿಂದ ಮರಡಿ ಭೂಮಿ ಇರುವವರು ಹೀಗೆ ಮಾಡಬಹುದು.

ಕಡಿದಾದ ಇಳಿಜಾರನ್ನು ಉಳಬೇಡಿ. ಹುಲ್ಲಿಗೆ ಬಿಡಿ. ಎರಡು ಮೂರು ವರ್ಷ ಆಡು ಕುರಿ ಬಿಡದೆ ಕಾಯ್ದರೆ ಕರಡ ಹುಲ್ಲು ತಾನೇ ಹಬ್ಬುತ್ತದೆ. ಮುಂಗಾರಿನ ಮೊದಲ ಮಳೆಗೆ ಅಂಜನ ಹುಲ್ಲು, ಸ್ಟೈಲೋ ಬೀಜ ಎರಚಿದರೆ ಮೇವು ಇನ್ನೂ ಚೆನ್ನು. ಮೇಯಿಸುವ ಬದಲು ಕೊಯ್ದು ಹಾಕಿ.

ಸಣ್ಣ ಗರಸನ್ನು ಹೊಲದಿಂದ ಪೂರ್ತಿ ಆರಿಸಿ ಎಸೆಯಬೇಡಿ. ಮೇಲೆ ಹರಡಿದ ಸಣ್ಣ ಕಲ್ಲು ಮಳೆಹನಿಯ ಪೆಟ್ಟು ತಡೆಯುತ್ತದೆ, ತೇವ ಆರಲು ಬಿಡುವುದಿಲ್ಲ. ನೇಗಿಲಿಗೆ ಅಡ್ಡ ಬರುವ ದಪ್ಪ ಕಲ್ಲನ್ನು ಮಾತ್ರ ಆರಿಸಿ, ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆಯ ಮೇಲೆ ಸಾಲಾಗಿ ಪೇರಿಸಿ. ಹಂಪಿಯ ಸುತ್ತಲಿನ ಗುಡ್ಡಗಳನ್ನು ಶೋಧಿಸಿದ ಪ್ರಾಚ್ಯ ಸಂಶೋಧಕರಿಗೆ ಇಂಥ ಹಳೆಯ ಕಲ್ಲಿನ ಅಡ್ಡಗೋಡೆಗಳೂ ಮೆಟ್ಟಿಲು ಹೊಲಗಳೂ ಎಷ್ಟೋ ಕಡೆ ಸಿಕ್ಕಿವೆ. ರಾಯನ ಹೆಸರಿನ ಪಕ್ಕದಲ್ಲಿ ಹೆಸರಿಲ್ಲದ ರೈತನೂ ಕಲ್ಲು ಜೋಡಿಸುತ್ತಿದ್ದ.

ಎರಡು ಗೇಣು ಮಣ್ಣಿರುವ ಕಡೆ ಹುರುಳಿ, ನವಣೆ, ಸಜ್ಜೆಯಂಥ ಕಡಿಮೆ ನೀರಿನ ಬೆಳೆ ಹಾಕಿ. ಗುಂಡಿ ತೋಡಿ ಕೆರೆಗೋಡು ತುಂಬಿ ಸೀತಾಫಲ, ಬಾರೆ, ನೆಲ್ಲಿ ನೆಡಿ. ಬೇಸಿಗೆಯಲ್ಲಿ ಊರ ಕೆರೆಯ ಹೂಳು ತಂದು ಹರಡಿ. ಗುಡ್ಡದಿಂದ ಇಳಿದ ಜಿಗುಟು ಮಣ್ಣನ್ನು ಗುಡ್ಡಕ್ಕೇ ಹಿಂತಿರುಗಿಸಿದಂತಾಗುತ್ತದೆ, ಕೆರೆಯೂ ಆಳವಾಗುತ್ತದೆ.

ಇಷ್ಟು ಮಾಡಿದ ಮೊದಲ ವರ್ಷವೇ ಫಲ ಕಾಣದಿದ್ದರೆ ಬೇಸರಪಡಬೇಡಿ. ಇಪ್ಪತ್ತು ಸಾವಿರ ಆಳುಗಳನ್ನು ಕೂಡಿಸಬಲ್ಲ ದೊರೆಯೇ ತನ್ನ ರೈತರಿಗೆ ಒಂಬತ್ತು ವರ್ಷ ಕೊಟ್ಟಿದ್ದನು. ನಿಮ್ಮ ಮರಡಿಗೂ ಅಷ್ಟು ವಾಯಿದೆ ಕೊಡಿ.